ಹೈ ಪ್ರೆಶರ್ ಟೈರಿಗೆ ಗಾಳಿ ಹೊಡೆಯಲು ಎಂಥ ಪಂಪ್ ಹೆಡ್ ಬೇಕು?

ಸೈಕಲ್ ಪಂಪಿನ ಗೇಜಿನ ಮುಳ್ಳು 90 ದಾಟಿತ್ತು. ಇನ್ನು ಮೂರ್ನಾಲ್ಕು ಸಲ ಒತ್ತಿದರೆ ಕೆಲಸ ಮುಗಿಯಿತು ಅಂತ ಮೈಭಾರವನ್ನೆಲ್ಲ ಹಿಡಿಕೆಯ ಮೇಲೆ ಬಿಟ್ಟೆ. ಪಟ್ ಅಂತ ಪಂಪಿನ ಹೆಡ್ ವಾಲ್ವಿನಿಂದ ಕಿತ್ತುಕೊಂಡು ಬಂದು ಮೊಣಕಾಲಿನ ಚಿಪ್ಪಿಗೇ ಬಡಿಯಿತು. ಟೈರಿಗೆ ಏನೂ ಆಗಿರಲಿಲ್ಲ, ಅದರೊಳಗಿನ ಗಾಳಿ ಹಾಗೇ ಇತ್ತು. ನೋವಾಗಿದ್ದು ನನಗೆ ಮಾತ್ರ. ಮಾರನೇ ದಿನವೂ ಅದೇ ಕತೆ. ಪಂಪೇ ಸರಿಯಿಲ್ಲ ಅಂತ ತೀರ್ಮಾನ ಮಾಡಿ ದೊಡ್ಡದೊಂದು ಪಂಪ್ ಕೊಂಡೆ. ಒಂದು ವರ್ಷ ಚೆನ್ನಾಗಿ ನಡೆಯಿತು, ಆಮೇಲೆ ಅದರ ಹೆಡ್ ಕೂಡ ಹಾರತೊಡಗಿತು. ಆಗ ಕುತೂಹಲಕ್ಕೆ ಹಳೇ ಪಂಪಿನ ಹೆಡ್ ಬಿಚ್ಚಿ ನೋಡಿದೆ. ಒಳಗೆ ಉಗುರಿಗಿಂತ ಸಣ್ಣದೊಂದು ರಬ್ಬರ್ ವಾಷರ್. ಅದರ ತೂತಿನ ಅಂಚು ಸವೆದು ಹೋಗಿತ್ತು, ಒಂದು ಕಡೆ ಸೀಳಿಯೂ ಇತ್ತು. ಸಿಲಿಂಡರ್, ಪಿಸ್ಟನ್, ಗೇಜ್ ಎಲ್ಲ ಗುಂಡುಕಲ್ಲಿನ ಹಾಗಿದ್ದವು. ಸುಮ್ನೆ ಇನ್ನೊಂದು ಪಂಪ್ ತಂದಿದ್ದೆ.

ಅವತ್ತಿನಿಂದ ಯಾರಾದರೂ ಒಳ್ಳೆ ಪಂಪ್ ಯಾವುದು ಅಂತ ಕೇಳಿದರೆ ನಾನು ಮೊದಲು ಕೇಳುವುದು ಹೆಡ್ ಬಗ್ಗೆ. ಪಂಪಿನ ಪೈಪಿನ ತುದಿಯಲ್ಲಿ ವಾಲ್ವನ್ನು ಕಚ್ಚಿಕೊಳ್ಳುತ್ತದಲ್ಲ, ಆ ಮೂತಿ. 40–50 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಸಾಕು ಅನ್ನುವ ಅಗಲದ ಟೈರಿಗೆ ಯಾವ ಹೆಡ್ ಆದರೂ ನಡೆಯುತ್ತದೆ. 80 ದಾಟಿದ ಮೇಲೆ ಮಾತ್ರ ಅದರ ಬಣ್ಣ ಬಯಲಾಗುತ್ತದೆ.

ಹೆಡ್ ಯಾಕೆ ಹಾರುತ್ತದೆ

ಸಣ್ಣ ಲೆಕ್ಕ ಹಾಕಿ ನೋಡೋಣ. 100 ಪಿಎಸ್‌ಐ ಅಂದರೆ ಸುಮಾರು 6.9 ಬಾರ್. ರೋಡ್ ಸೈಕಲ್ಲಿನ ಪ್ರೆಸ್ಟಾ ವಾಲ್ವಿನ ಕೊಳವೆ 6 ಮಿ.ಮೀ. ದಪ್ಪ. ಅಷ್ಟು ಅಗಲದ ಜಾಗದ ಮೇಲೆ 100 ಪಿಎಸ್‌ಐ ಒತ್ತಡ ಬಿದ್ದರೆ ಹೆಡ್ಡನ್ನು ಹೊರಕ್ಕೆ ನೂಕುವ ಬಲ ಸುಮಾರು 2 ಕಿಲೋ ತೂಕದಷ್ಟು. ಶ್ರೇಡರ್ ವಾಲ್ವು, ಅಂದರೆ ಕಾರು ಬೈಕುಗಳಲ್ಲಿರುವಂಥದ್ದು, ಸುಮಾರು 8 ಮಿ.ಮೀ. ದಪ್ಪ ಇರುವುದರಿಂದ ಅಲ್ಲಿ ಅದೇ ಒತ್ತಡಕ್ಕೆ ಮೂರೂವರೆ ಕಿಲೋ ಆಗುತ್ತದೆ. ಎರಡು ಕಿಲೋ ಅಂದರೆ ಏನು ಮಹಾ ಅನ್ನಿಸಬಹುದು. ಆದರೆ ಅದನ್ನು ತಡೆದು ಹಿಡಿಯುತ್ತಿರುವುದು ನುಣುಪಾದ ಲೋಹದ ಕಡ್ಡಿಯ ಸುತ್ತ ಬಿಗಿದುಕೊಂಡಿರುವ ಒಂದು ತುಂಡು ರಬ್ಬರ್, ಅಷ್ಟೇ. ಅದರ ಮೇಲೆ ನೀವು ಹಿಡಿಕೆ ಒತ್ತುವ ಕ್ಷಣದಲ್ಲಿ ಪೈಪಿನೊಳಗಿನ ಒತ್ತಡ ಟೈರಿನೊಳಗಿನದಕ್ಕಿಂತ ಜಾಸ್ತಿ ಇರಲೇಬೇಕು, ಇಲ್ಲದಿದ್ದರೆ ಗಾಳಿ ಒಳಗೆ ಹೋಗುವುದಾದರೂ ಹೇಗೆ? ಹಾಗಾಗಿ ಪ್ರತಿ ಒತ್ತಿಗೂ ಹೆಡ್ಡಿಗೆ ಒಂದೊಂದು ಏಟು ಬೀಳುತ್ತದೆ.

ಪಂಪಿನ ಕಡೆಯಿಂದಲೂ ನೋಡಿ. 30 ಮಿ.ಮೀ. ಅಗಲದ ಪಿಸ್ಟನ್ ಇದ್ದರೆ 100 ಪಿಎಸ್‌ಐಗೆ ಸುಮಾರು 50 ಕಿಲೋ ಬಲ ಹಾಕಬೇಕು. ಕೈಯಲ್ಲಿ ಆಗುವ ಕೆಲಸವಲ್ಲ, ಮೈಭಾರ ಬಿಡಲೇಬೇಕು. ಮೈಭಾರ ಬಿಟ್ಟಾಗ ಪಂಪ್ ವಾಲುತ್ತದೆ, ಪೈಪ್ ಎಳೆಯುತ್ತದೆ, ಹೆಡ್ ಓರೆಯಾಗುತ್ತದೆ. ಓರೆಯಾದ ಕೂಡಲೇ ವಾಷರಿನ ಒಂದು ಬದಿ ಸಡಿಲ. ಬುಸ್!

ಹೀಗಾಗಿ ಹೆಡ್ ಆರಿಸುವಾಗ ನೋಡಬೇಕಾದ್ದು ಮೂರೇ: ಗಟ್ಟಿಯಾಗಿ ಕಚ್ಚುತ್ತದಾ, ನೇರವಾಗಿ ನಿಲ್ಲುತ್ತದಾ, ಕೆಲಸ ಮುಗಿದ ಮೇಲೆ ವಾಲ್ವಿಗೆ ಗಾಯ ಮಾಡದೆ ಬಿಡುತ್ತದಾ. ಮೂರನೆಯದನ್ನು ಬಹಳ ಜನ ಮರೆಯುತ್ತಾರೆ. ಕಚ್ಚಿದ್ದನ್ನು ಬಿಡಿಸುವಾಗಲೇ ಪ್ರೆಸ್ಟಾ ವಾಲ್ವಿನ ಕಡ್ಡಿ ಬಾಗುವುದು, ಮುರಿಯುವುದು.

ಅದಕ್ಕೂ ಮೊದಲು ಒಂದು ಮಾತು. ನಿಮಗೆ ನಿಜಕ್ಕೂ ಅಷ್ಟು ಗಾಳಿ ಬೇಕಾ? 23 ಮಿ.ಮೀ. ಟೈರಿಗೆ 100ರ ಆಸುಪಾಸು ಹೊಡೆಯುತ್ತಿದ್ದ ಅಭ್ಯಾಸದಲ್ಲೇ 28, 30 ಮಿ.ಮೀ. ಟೈರಿಗೂ ಅಷ್ಟೇ ಹೊಡೆಯುವವರಿದ್ದಾರೆ. ಬೇಡ. ಟೈರಿನ ಪಕ್ಕದಲ್ಲಿ ಬರೆದಿರುವ ಗರಿಷ್ಠ ಒತ್ತಡ ನೋಡಿ, ರಿಮ್ಮಿನ ಮೇಲೆ ಬರೆದಿದ್ದರೆ ಅದನ್ನೂ ನೋಡಿ, ಎರಡರಲ್ಲಿ ಯಾವುದು ಕಡಿಮೆಯೋ ಅದೇ ನಿಮ್ಮ ಮಿತಿ. ಅಂಚಿನಲ್ಲಿ ಕೊಕ್ಕೆ ಇಲ್ಲದ ಹುಕ್‌ಲೆಸ್ ರಿಮ್ ಆಗಿದ್ದರೆ 5 ಬಾರ್, ಅಂದರೆ 72.5 ಪಿಎಸ್‌ಐ ದಾಟಲೇಬಾರದು. ಅದು ಹೆಡ್ ಹಾರುವ ವಿಷಯವಲ್ಲ, ಟೈರೇ ಹಾರುವ ವಿಷಯ.

ನಿಮ್ಮ ವಾಲ್ವನ್ನು ಒಂದು ಸಲ ಹತ್ತಿರದಿಂದ ನೋಡಿ

ಹೆಡ್ ಕೊಳ್ಳುವ ಮುಂಚೆ ಚಕ್ರವನ್ನು ಬೆಳಕಿಗೆ ಹಿಡಿದು ಎರಡು ನಿಮಿಷ ವಾಲ್ವನ್ನು ನೋಡಿದರೆ ಅರ್ಧ ತಲೆನೋವು ಕಡಿಮೆ. ಶ್ರೇಡರ್ ದಪ್ಪ, ತುದಿಯ ಒಳಗೆ ಸ್ಪ್ರಿಂಗಿನ ಮೇಲೆ ಕೂತ ಪಿನ್ ಇರುತ್ತದೆ, ಹೆಡ್ ಆ ಪಿನ್ ಒತ್ತಿ ದಾರಿ ಬಿಡಿಸಿಕೊಳ್ಳಬೇಕು. ಡನ್‌ಲಪ್ ವಾಲ್ವ್ ಕೆಳಗೆ ದಪ್ಪ, ಮೇಲೆ ಸಪೂರ. ಅದರ ತುದಿಗೆ ಪ್ರೆಸ್ಟಾ ಹೆಡ್ಡೇ ಸಾಕು. ಈ ಎರಡನ್ನು ಇಲ್ಲಿಗೇ ಬಿಡುತ್ತೇನೆ. ಹೈ ಪ್ರೆಶರ್ ಟೈರುಗಳಲ್ಲಿ ಇರುವುದು ಹೆಚ್ಚಾಗಿ ಪ್ರೆಸ್ಟಾ.

ಪ್ರೆಸ್ಟಾದ ತುದಿಯಲ್ಲಿ ಚಿಕ್ಕದೊಂದು ನಟ್ಟು. ಅದನ್ನು ಮೇಲಕ್ಕೆ ತಿರುಗಿಸಿ ಬಿಚ್ಚಿದರೆ ಕಡ್ಡಿ ಆಡುತ್ತದೆ. ಇದರಲ್ಲಿ ಸ್ಪ್ರಿಂಗ್ ಇಲ್ಲ, ಟೈರಿನೊಳಗಿನ ಗಾಳಿಯೇ ವಾಲ್ವನ್ನು ಮುಚ್ಚಿ ಹಿಡಿದಿರುತ್ತದೆ. ಅದಕ್ಕೇ ಅವತ್ತು ಹೆಡ್ ಹಾರಿದರೂ ನನ್ನ ಟೈರ್ ಗಟ್ಟಿಯಾಗಿಯೇ ಇದ್ದದ್ದು. ನಟ್ಟಿನ ಕೆಳಗೆ ಸಪೂರಾದ ಭಾಗ ಇದೆಯಲ್ಲ, ಅಲ್ಲಿ ಥ್ರೆಡ್ ಇದೆಯಾ ಅಥವಾ ನುಣುಪಾಗಿದೆಯಾ ನೋಡಿ. ಸುಮಾರು ವಾಲ್ವುಗಳಲ್ಲಿ ಥ್ರೆಡ್ ಇರುತ್ತದೆ, ಕೆಲವಲ್ಲಿ ಇರುವುದಿಲ್ಲ. ಇಲ್ಲದಿದ್ದರೆ ತಿರುಪಿ ಹಾಕುವ ಹೆಡ್ ನಿಮಗಲ್ಲ, ಅದಕ್ಕೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ಅದರ ಕೆಳಗೆ ಎರಡು ಬದಿ ಚಪ್ಪಟೆಯಾಗಿ ಕೊರೆದಿದ್ದರೆ ಕೋರ್, ಅಂದರೆ ವಾಲ್ವಿನ ತುದಿಯಲ್ಲಿ ತಿರುಪಿ ಕೂರಿಸಿದ ಒಳಭಾಗ, ಬಿಚ್ಚಬಹುದು ಅಂತ ಅರ್ಥ. ಈ ಚಪ್ಪಟೆ ಬದಿಗಳು ನೆನಪಿರಲಿ, ಮುಂದೆ ಬೇಕಾಗುತ್ತವೆ.

ಕೊನೆಗೆ ಉದ್ದ. ರಿಮ್ಮಿನಿಂದ ಹೊರಗೆ ಕನಿಷ್ಠ 15 ಮಿ.ಮೀ. ವಾಲ್ವ್ ಕಾಣಬೇಕು. ಅದಕ್ಕಿಂತ ಕಡಿಮೆ ಇದ್ದರೆ ಎಷ್ಟು ದುಬಾರಿ ಹೆಡ್ ತಂದರೂ ಅದು ತುದಿಯನ್ನು ಮಾತ್ರ ಕಚ್ಚುತ್ತದೆ, 60ಕ್ಕೆ ಹಾರುತ್ತದೆ, ನೀವು ಹೆಡ್ಡನ್ನು ಬೈಯುತ್ತೀರಿ. ಆಳದ ರಿಮ್ ಇದ್ದವರು ಉದ್ದ ವಾಲ್ವಿನ ಟ್ಯೂಬ್ ಕೊಳ್ಳುವುದೇ ಒಳ್ಳೆಯದು. ಎಕ್ಸ್‌ಟೆಂಡರ್ (ವಾಲ್ವನ್ನು ಉದ್ದ ಮಾಡುವ ಕೊಳವೆ) ಹಾಕಲೇಬೇಕಾದರೆ, ಕೋರ್ ಬಿಚ್ಚಿ ಎಕ್ಸ್‌ಟೆಂಡರ್ ತಿರುಪಿ ಅದರ ತುದಿಗೆ ಮತ್ತೆ ಕೋರ್ ಹಾಕುವಂಥದ್ದನ್ನು ಆರಿಸಿ. ವಾಲ್ವಿನ ಮೇಲೆ ಟೊಪ್ಪಿಗೆಯ ಹಾಗೆ ಕೂರುವಂಥದ್ದರಲ್ಲಿ ನಟ್ಟನ್ನು ಬಿಚ್ಚಿಯೇ ಒಳಗೆ ಬಿಡಬೇಕಾಗುತ್ತದೆ, ಜೋಡಣೆಯಲ್ಲಿ ಸೋರುವ ಜಾಗವೂ ಒಂದು ಹೆಚ್ಚುತ್ತದೆ.

ಲಿವರ್ ಹೆಡ್

ಜಾಸ್ತಿ ಜನರ ಹತ್ತಿರ ಇರುವುದು ಇದೇ. ವಾಲ್ವಿನ ಮೇಲೆ ಒತ್ತಿ, ಹೆಬ್ಬೆರಳಿನಿಂದ ಲಿವರ್ ಎತ್ತಿದರೆ ಒಳಗಿನ ವಾಷರ್ ಚಪ್ಪಟೆಯಾಗಿ ವಾಲ್ವಿನ ಸುತ್ತ ಬಿಗಿಯುತ್ತದೆ. ಯಾವ ಕಡೆ ತಿರುಗಿಸಿದರೆ ಲಾಕ್ ಅನ್ನುವುದು ಎಲ್ಲ ಪಂಪಿಗೂ ಒಂದೇ ಅಲ್ಲ. ಅನುಮಾನ ಇದ್ದರೆ ಹೆಡ್ಡಿನ ತೂತನ್ನು ಕಣ್ಣಿಗೆ ಹಿಡಿದು ಲಿವರ್ ಆಡಿಸಿ. ರಬ್ಬರಿನ ತೂತು ಸಣ್ಣದಾಗುವ ಕಡೆಯೇ ಲಾಕ್. ಹಾಗೆ ನೋಡುವಾಗ ಇನ್ನೊಂದೂ ಗೊತ್ತಾಗುತ್ತದೆ: ಲಾಕ್ ಮಾಡಿದಾಗ ತೂತು ಗುಂಡಗೆ ಚೊಕ್ಕವಾಗಿ ಕಿರಿದಾದರೆ ವಾಷರ್ ಚೆನ್ನಾಗಿದೆ, ಸೊಟ್ಟಗೆ ಆದರೆ ಅಥವಾ ಅಲುಗಾಡದೆ ಹಾಗೇ ಇದ್ದರೆ ಅದರ ಕತೆ ಮುಗಿದಿದೆ.

ಒಳ್ಳೆ ಲಿವರ್ ಹೆಡ್ 120 ಪಿಎಸ್‌ಐವರೆಗೂ ಹಿಡಿದುಕೊಳ್ಳುತ್ತದೆ. ಒಳ್ಳೆಯದು ಅಂತ ಹೇಗೆ ಗುರುತಿಸುವುದು? ಲಿವರ್ ಲೋಹದ್ದಾಗಿರಬೇಕು, ಅದು ತಿರುಗುವ ಪಿನ್ ಕೂಡ ಲೋಹದ್ದಾಗಿರಬೇಕು. ಪ್ಲಾಸ್ಟಿಕ್ ಲಿವರಿನಲ್ಲಿ ವಾಷರನ್ನು ಒತ್ತುವ ಒಳಗಿನ ಉಬ್ಬು (ಕ್ಯಾಮ್) ಸವೆಯುತ್ತಾ ಬರುತ್ತದೆ, ವಾಷರ್ ಬದಲಿಸಿದರೂ ಬಿಗಿ ಬರುವುದಿಲ್ಲ. ಲಾಕ್ ಆಗುವಾಗ ಕೈಗೆ ಸ್ವಲ್ಪ ತ್ರಾಸು ಆಗಬೇಕು. ಹೂವಿನ ಹಾಗೆ ಹಗುರಾಗಿ ಲಾಕ್ ಆದರೆ ಅದು ಹೈ ಪ್ರೆಶರಿಗೆ ಆಗುವ ಹೆಡ್ ಅಲ್ಲ. ಹೆಡ್ಡಿನ ಮುಂದಿನ ಮುಚ್ಚಳ ತಿರುಗಿಸಿ ಬಿಚ್ಚುವಂತಿರಬೇಕು, ಇಲ್ಲದಿದ್ದರೆ ವಾಷರ್ ಬದಲಿಸುವುದು ಹೇಗೆ?

ಎರಡೂ ವಾಲ್ವಿಗೆ ಆಗುವ ಹೆಡ್ಡುಗಳಲ್ಲಿ ಮೂರು ಬಗೆ. ಎರಡು ತೂತಿನದು, ವಾಷರ್ ತಿರುಗಿಸಿ ಹಾಕುವಂಥದ್ದು, ಒಂದೇ ತೂತು ತಾನಾಗಿ ಹೊಂದಿಕೊಳ್ಳುವಂಥದ್ದು. ಮೂರನೆಯದು ಬಹಳ ಅನುಕೂಲ, ಮನೆಯಲ್ಲಿ ನಾಲ್ಕು ಥರದ ಸೈಕಲ್ ಇದ್ದರೆ ಅದೇ ಸರಿ. ಆದರೆ ಎಲ್ಲರಿಗೂ ಬೇಕಾದವನು ಯಾರಿಗೂ ಪೂರ್ತಿ ಆಗುವುದಿಲ್ಲ ಅನ್ನುವ ಹಾಗೆ, 6 ಮಿ.ಮೀ.ಗೂ 8 ಮಿ.ಮೀ.ಗೂ ಒಂದೇ ರಬ್ಬರ್ ಹಿಗ್ಗಿ ಕುಗ್ಗಿ ದುಡಿಯಬೇಕು. ಒಂದು ದಿನ ದಪ್ಪ ವಾಲ್ವಿಗೆ ಹಿಗ್ಗಿದ ರಬ್ಬರ್ ಮರುದಿನ ಸಪೂರ ವಾಲ್ವಿಗೆ 110 ಪಿಎಸ್‌ಐ ಹಿಡಿದುಕೊಳ್ಳಲಿ ಅಂದರೆ ಅದಕ್ಕೂ ಕಷ್ಟ ಅಲ್ವಾ. ನನ್ನ ಅಭಿಪ್ರಾಯ ಕೇಳಿದರೆ, ಹೈ ಪ್ರೆಶರ್ ಸೈಕಲ್ ಒಂದೇ ಇದ್ದು ಅದಕ್ಕೆ ಪ್ರೆಸ್ಟಾ ಇದ್ದರೆ ಪ್ರೆಸ್ಟಾಕ್ಕೇ ಮೀಸಲಾದ ಹೆಡ್ ತೆಗೆದುಕೊಳ್ಳಿ, ಬೇರೆ ಸೈಕಲ್ಲಿಗೆ ಹಳೇ ಪಂಪ್ ಇರಲಿ.

ಬಿಡಿಸುವ ರೀತಿ: ಲಿವರ್ ಇಳಿಸಿ, ಒಂದು ಕೈಯ ಹೆಬ್ಬೆರಳನ್ನು ರಿಮ್ಮಿಗೆ ಊರಿ, ಹೆಡ್ಡನ್ನು ನೇರಕ್ಕೆ ತಳ್ಳಿ. ಅತ್ತಿತ್ತ ಆಡಿಸಿ ಎಳೆಯಬೇಡಿ. ಆಡಿಸಿ ಎಳೆದೇ ನಾನು ಎರಡು ಕೋರ್ ಬಾಗಿಸಿದ್ದೇನೆ.

ಲಿವರ್ ಇಲ್ಲದ ಹಿತ್ತಾಳೆ ಹೆಡ್

ನೋಡಲು ಏನೂ ಇಲ್ಲ. ಹಿತ್ತಾಳೆಯ ಒಂದು ಗುಂಡಿ, ಒಳಗೆ ಬಿಗಿಯಾದ ರಬ್ಬರ್. ಒತ್ತಿದರೆ ಕೂರುತ್ತದೆ, ಲಾಕ್ ಗೀಕ್ ಏನೂ ಇಲ್ಲ. ಇಟಲಿಯಲ್ಲಿ ಹುಟ್ಟಿದ ಸಿಲ್ಕಾ ಕಂಪನಿಯ, ನೆಲಕ್ಕಿಟ್ಟು ಹೊಡೆಯುವ ಹಳೇ ಟ್ರ್ಯಾಕ್ ಪಂಪುಗಳಲ್ಲಿ ಇಂಥದ್ದೇ ಇರುತ್ತಿತ್ತು, ಆ ಕಂಪನಿ 1917ರಿಂದ ಇದೆ. ಲಿವರೇ ಇಲ್ಲದೆ ಹೇಗೆ ನಿಲ್ಲುತ್ತದೆ ಅಂದರೆ, ರಬ್ಬರಿನ ತೂತು ವಾಲ್ವಿಗಿಂತ ಸಣ್ಣದು, ಅಷ್ಟೇ. ಪ್ರೆಸ್ಟಾಕ್ಕೆ ಮಾತ್ರ ಆಗುತ್ತದೆ. ಹೊಸ ವಾಷರ್ ಇದ್ದಾಗ ಹಾಕುವುದೂ ಕಷ್ಟ, ತೆಗೆಯುವುದೂ ಕಷ್ಟ. ತೆಗೆಯಲು ಹಳಬರ ಉಪಾಯ ಅಂಗೈ ಅಂಚಿನಿಂದ ನೇರಕ್ಕೆ ಒಂದು ಏಟು ಕೊಡುವುದು, ಆದರೆ ಏಟು ಓರೆಯಾದರೆ ಗೆಣ್ಣು ಹೋಗಿ ಚಕ್ರದ ಕಡ್ಡಿಗೆ ಬಡಿಯುತ್ತದೆ. ನನಗೆ ಈ ಹೆಡ್ ಬಹಳ ಇಷ್ಟ. ಆದರೂ ಹೊಸಬರಿಗೆ ಇದನ್ನೇ ತಗೊಳ್ಳಿ ಅಂತ ಹೇಳುವುದಿಲ್ಲ.

ಇದರ ಜೊತೆಗೆ ಹೆಸರಿಸಬೇಕಾದ್ದು ಜಪಾನಿನ ಹಿರಾಮೆ. ಇದೂ ಹಿತ್ತಾಳೆಯದೇ, ಆದರೆ ಮೇಲೆ ಉದ್ದನೆಯ ಲಿವರ್ ಇದೆ. ಹಿರಾಮೆ ಅಂದರೆ ಜಪಾನಿ ಭಾಷೆಯಲ್ಲಿ ಒಂದು ಚಪ್ಪಟೆ ಮೀನಿನ ಹೆಸರು. ಹಳೇ ಪಂಪಿನ ಪೈಪಿನ ತುದಿ ಕತ್ತರಿಸಿ ಇಂಥ ಹೆಡ್ ಕೂರಿಸಿಕೊಳ್ಳುವವರು ಸೈಕಲ್ ಜನರಲ್ಲಿ ಇದ್ದೇ ಇರುತ್ತಾರೆ. ಒಳ್ಳೆ ಸಿಲಿಂಡರಿನ ಹಳೇ ಪಂಪ್ ಇದ್ದರೆ ಪಂಪ್ ಎಸೆಯುವ ಬದಲು ಹೆಡ್ ಮಾತ್ರ ಬದಲಿಸುವುದು ಖಂಡಿತ ಲೇಸು. ಪೈಪಿನ ಒಳ ಅಳತೆ ಮಾತ್ರ ಹೊಂದಬೇಕು, ಕ್ಲಿಪ್ ಹಾಕಿ ಬಿಗಿಯಬೇಕು. ಸುಮ್ನೆ ತುರುಕಿ ಬಿಟ್ಟರೆ 100 ಪಿಎಸ್‌ಐಗೆ ಹೆಡ್ ವಾಲ್ವಿನಲ್ಲೇ ಉಳಿದು ಪೈಪು ಹಾರುತ್ತದೆ.

ತಿರುಪಿ ಹಾಕುವ ಹೆಡ್

ಇದು ವಾಲ್ವಿನ ಥ್ರೆಡ್ಡಿಗೇ ಕಚ್ಚುವುದರಿಂದ ಹಾರುವ ಮಾತೇ ಇಲ್ಲ. ಬರೀ ಹಿಡಿತದ ಲೆಕ್ಕದಲ್ಲಿ ನೋಡಿದರೆ ಹೈ ಪ್ರೆಶರಿಗೆ ಇದೇ ರಾಜ. ಲೆಜೈನ್ ಪಂಪುಗಳಿಂದ ಇದು ತುಂಬ ಜನರಿಗೆ ಪರಿಚಯ. ಕೈಪಂಪಿಗಂತೂ ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ.

ಆದರೆ ಒಂದು ದೊಡ್ಡ ಕಾಟ ಇದೆ. ಹತ್ತು ನಿಮಿಷ ಬೆವರು ಸುರಿಸಿ ಕೈಪಂಪಿನಲ್ಲಿ 85 ಮುಟ್ಟಿಸಿ, ಹೆಡ್ ಬಿಚ್ಚಲು ತಿರುಗಿಸುತ್ತೀರಿ. ಹೆಡ್ ಜೊತೆಗೆ ವಾಲ್ವಿನ ಕೋರೂ ಬಿಚ್ಚಿಕೊಂಡು ಬರುತ್ತದೆ. ಬುಸ್ಸ್ ಅಂತ ಎಲ್ಲಾ ಗಾಳಿ ಖಾಲಿ. ರಸ್ತೆ ಬದಿಯಲ್ಲಿ ಕತ್ತಲಾಗುವ ಹೊತ್ತಿಗೆ ಹೀಗಾದರೆ ಬಾಯಿಗೆ ಬರುವ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ. ಆಮೇಲೆ ಹೆಡ್ಡಿನೊಳಗೆ ಸಿಕ್ಕಿಕೊಂಡ ಕೋರ್ ಕೀಳಲು ಬೇರೆ ಒದ್ದಾಡಬೇಕು.

ಇದಕ್ಕೆ ಮದ್ದು ಇದೆ. ಮೊದಲೇ ಹೇಳಿದ ಆ ಚಪ್ಪಟೆ ಬದಿಗಳಿಗೆ ಕೋರ್ ಟೂಲ್ ಅಥವಾ ಸಣ್ಣ ಸ್ಪ್ಯಾನರ್ ಹಾಕಿ ಕೋರನ್ನು ಬಿಗಿ ಮಾಡಿ. ಹೊಸ ಟ್ಯೂಬಿನಲ್ಲೂ ಕೋರ್ ಬರೀ ಕೈಯಲ್ಲಿ ಬಿಚ್ಚುವಷ್ಟು ಸಡಿಲವಾಗಿರುವುದು ಅಪರೂಪವೇನಲ್ಲ. ಹಾಗಂತ ಜೋರಾಗಿ ಬಿಗಿಯಬೇಡಿ, ಹಿತ್ತಾಳೆ ಮೆತ್ತಗಿರುತ್ತದೆ, ತಿರುಚಿಕೊಳ್ಳುತ್ತದೆ. ಎರಡನೆಯದು, ಹೆಡ್ಡನ್ನು ವಾಲ್ವಿಗೆ ಹಾಕುವಾಗ ಬೆರಳಿನ ಬಿಗಿ ಸಾಕು, ಒಳಗಿನ ವಾಷರ್ ತಗುಲಿ ಸೋರುವುದು ನಿಂತ ಮೇಲೆ ಮುಂದೆ ತಿರುಗಿಸಬೇಡಿ. ಮೂರನೆಯದು, ಪೈಪಿನಲ್ಲಿ ಗಾಳಿ ಬಿಡುವ ಸಣ್ಣ ಗುಂಡಿ ಇರುವ ಹೆಡ್ ಕೊಳ್ಳಿ, ಬಿಚ್ಚುವ ಮುಂಚೆ ಅದನ್ನು ಒತ್ತಿ. ಪೈಪಿನೊಳಗಿನ ಒತ್ತಡ ಇಳಿದರೆ ಥ್ರೆಡ್ಡಿನ ಮೇಲಿನ ಬಿಗಿಯೂ ಇಳಿಯುತ್ತದೆ, ಹೆಡ್ ಸಲೀಸಾಗಿ ತಿರುಗುತ್ತದೆ, ಕೋರ್ ತನ್ನ ಪಾಡಿಗೆ ತಾನಿರುತ್ತದೆ. ಈ ಗುಂಡಿಯನ್ನು ನಾನು ಮೊದಲು ಷೋಕಿ ಅಂದುಕೊಂಡಿದ್ದೆ. ಈಗ ಅದಿಲ್ಲದ ತಿರುಪು ಹೆಡ್ಡನ್ನು ಕೈಯಲ್ಲೂ ಮುಟ್ಟುವುದಿಲ್ಲ.

ಇನ್ನೊಂದು ಸಣ್ಣ ಕಿರಿಕಿರಿ ಸಮಯದ್ದು. ಹಾಕಲು ಐದಾರು ಸುತ್ತು, ಬಿಚ್ಚಲು ಐದಾರು ಸುತ್ತು. ಕೆಲವು ಹೆಡ್ಡಿನಲ್ಲಿ ಪೈಪ್ ಬೇರೆ, ಕಾಲರ್ ಬೇರೆ ತಿರುಗುತ್ತದೆ. ಕೆಲವಲ್ಲಿ ಪೈಪೂ ಜೊತೆಗೇ ತಿರುಚಿಕೊಳ್ಳುತ್ತದೆ. ಮೊದಲ ಬಗೆಯದನ್ನೇ ಕೇಳಿ ತೆಗೆದುಕೊಳ್ಳಿ. ದಿನಾ ಬೆಳಿಗ್ಗೆ ಗಾಳಿ ನೋಡುವವರಿಗೆ ಈ ಸುತ್ತುಗಳು ಬೇಜಾರು ತರುತ್ತವೆ, ಹಾಗಾಗಿ ಮನೆಯ ಪಂಪಿಗೆ ಲಿವರ್, ದಾರಿಯ ಪಂಪಿಗೆ ತಿರುಪು ಅಂತ ನಾನು ಹಂಚಿಕೊಂಡಿದ್ದೇನೆ.

ದಾರಿಯ ಪಂಪ್ ಅಂದಾಗ ನೆನಪಾಯಿತು. ಕೈಪಂಪನ್ನು ನೇರವಾಗಿ ವಾಲ್ವಿಗೆ ಸಿಕ್ಕಿಸುವಂಥದ್ದು ಬೇಡ, ಪೈಪ್ ಇರುವಂಥದ್ದೇ ಇರಲಿ. ನೇರ ಸಿಕ್ಕಿಸಿದ ಪಂಪಿನಲ್ಲಿ ನಿಮ್ಮ ಪ್ರತಿ ಒತ್ತೂ ವಾಲ್ವನ್ನು ಅಲ್ಲಾಡಿಸುತ್ತದೆ. 70 ದಾಟಿದ ಮೇಲೆ ಕೈ ನಡುಗುತ್ತಿರುತ್ತದೆ, ವಾಲ್ವ್ ಟ್ಯೂಬಿಗೆ ಅಂಟಿರುವ ಬುಡದಲ್ಲೇ ಸೀಳುತ್ತದೆ. ಅಲ್ಲಿ ಸೀಳಿದರೆ ಪಂಕ್ಚರ್ ಪಟ್ಟಿಯೂ ಕೂರುವುದಿಲ್ಲ. ಒಂದು ಗೇಣು ಪೈಪ್ ಇದ್ದರೆ ಈ ಅಲುಗಾಟವೆಲ್ಲ ಪೈಪಿಗೇ ಹೋಗುತ್ತದೆ.

ಕ್ಲಿಕ್ ವಾಲ್ವ್, ಅಡಾಪ್ಟರ್ ಇತ್ಯಾದಿ

ಜರ್ಮನಿಯ ಶ್ವಾಲ್ಬೆ 2024ರಲ್ಲಿ ಕ್ಲಿಕ್ ವಾಲ್ವ್ ಅಂತ ತಂದಿದೆ. ಪ್ರೆಸ್ಟಾ ಕೋರ್ ಬಿಚ್ಚಿ ಇದರ ಕೋರ್ ಹಾಕಿಕೊಳ್ಳಬಹುದು. ಹೆಡ್ ಒತ್ತಿದರೆ ಟಕ್ ಅಂತ ಕೂರುತ್ತದೆ, ಎಳೆದರೆ ಬರುತ್ತದೆ. ಲಿವರ್ ಇಲ್ಲ, ತಿರುಪು ಇಲ್ಲ, ನಟ್ಟು ಬಿಚ್ಚುವುದೂ ಇಲ್ಲ. ಹಳೇ ಪ್ರೆಸ್ಟಾ ಪಂಪಿನಿಂದಲೂ ಇದಕ್ಕೆ ಗಾಳಿ ಹೊಡೆಯಬಹುದು ಅನ್ನುವುದು ಒಳ್ಳೆ ವಿಷಯ, ಸ್ನೇಹಿತರ ಪಂಪ್ ಕೇಳಿ ಪಡೆದಾಗ ತೊಂದರೆ ಆಗುವುದಿಲ್ಲ. ಹೊಸದಾಗಿ ಎಲ್ಲ ಜೋಡಿಸುತ್ತಿರುವವರು ಯೋಚಿಸಬಹುದು. ಇರುವ ಹೆಡ್ ಚೆನ್ನಾಗಿ ಕೆಲಸ ಮಾಡುತ್ತಿದ್ದರೆ ಅವಸರ ಬೇಡ.

ಪ್ರೆಸ್ಟಾದ ತಲೆಗೆ ತಿರುಪಿ ಅದನ್ನು ಶ್ರೇಡರ್ ಮಾಡುವ ಪುಟ್ಟ ಹಿತ್ತಾಳೆ ಅಡಾಪ್ಟರ್ ಬ್ಯಾಗಿನಲ್ಲಿ ಒಂದು ಇದ್ದೇ ಇರಲಿ. ತೂಕ ಏನೂ ಇಲ್ಲ. ಕೊಳ್ಳುವಾಗ ಒಳಗೆ ಇಣುಕಿ ನೋಡಿ, ಬುಡದಲ್ಲಿ ಸಣ್ಣ ರಬ್ಬರ್ ಉಂಗುರ ಇರಬೇಕು. ಉಂಗುರ ಇಲ್ಲದ್ದು ಲೋಹಕ್ಕೆ ಲೋಹ ತಾಗಿ ಕೂರುತ್ತದೆ, 50ರವರೆಗೆ ಹೇಗೋ ನಡೆಯುತ್ತದೆ, ಆಮೇಲೆ ನೀವು ಹೊಡೆದಷ್ಟೂ ಪಕ್ಕದಿಂದ ಹೋಗುತ್ತಿರುತ್ತದೆ. ಅಡಾಪ್ಟರ್ ಹಾಕುವ ಮುಂಚೆ ಪ್ರೆಸ್ಟಾದ ನಟ್ಟು ಬಿಚ್ಚಿರಬೇಕು, ಇದನ್ನು ಮರೆತು ಗಾಳಿ ಹೋಗುತ್ತಿಲ್ಲ ಅಂತ ಪರದಾಡಿದವರಲ್ಲಿ ನಾನೂ ಒಬ್ಬ. ಇದರ ಮೂಲಕ ಮೋಟಾರು ವಾಹನಗಳ ಕಂಪ್ರೆಸರಿನಿಂದ ಗಾಳಿ ಹಿಡಿಸುವುದಾದರೆ ಚಿಟಿಕೆಯಷ್ಟು ಹೊತ್ತು ಬಿಟ್ಟು ಬಿಟ್ಟು ಒತ್ತಿ. ಸಪೂರ ಟೈರಿನ ಹೊಟ್ಟೆ ಚಿಕ್ಕದು, ಕಂಪ್ರೆಸರಿಗೆ ಅದು ಗೊತ್ತಿಲ್ಲ.

ಡಿಸ್ಕ್ ಚಕ್ರ, ಅಂದರೆ ಕಡ್ಡಿಗಳ ಬದಲು ತಟ್ಟೆಯ ಹಾಗೆ ಪೂರ್ತಿ ಮುಚ್ಚಿದ ಚಕ್ರ, ಇರುವವರಿಗೆ ಮೊಣಕೈಯ ಹಾಗೆ ಬಾಗಿದ ಅಡಾಪ್ಟರ್ ಬೇಕು, ನೇರ ಹೆಡ್ ಆ ಕಿಂಡಿಯೊಳಗೆ ಹೋಗುವುದೇ ಇಲ್ಲ. ಬಾಗಿದ ಅಡಾಪ್ಟರಿನಲ್ಲಿ ಒಂದು ಕಡೆ ಹೆಡ್, ಒಂದು ಕಡೆ ವಾಲ್ವ್, ಎರಡು ಜೋಡಣೆ. ಇಬ್ಬರಿದ್ದರೆ ಒಬ್ಬರು ಹಿಡಿದುಕೊಳ್ಳಿ, ಇನ್ನೊಬ್ಬರು ಹೊಡೆಯಿರಿ.

ಹಾಕುವ ರೀತಿ, ಸೋರಿಕೆ ಹುಡುಕುವ ರೀತಿ

ವಾಲ್ವ್ ಕೆಳಗಡೆ ಬರುವಂತೆ ಚಕ್ರ ತಿರುಗಿಸಿ. ಆಗ ಟೈರ್ ನೆಲಕ್ಕೆ ಊರಿರುತ್ತದೆ, ವಾಲ್ವ್ ಮೇಲಕ್ಕೆ ಮುಖ ಮಾಡಿರುತ್ತದೆ, ಹೆಡ್ ಒತ್ತಿದಾಗ ವಾಲ್ವ್ ಒಳಕ್ಕೆ ಹೋಗುವುದಿಲ್ಲ. ಟ್ಯೂಬ್‌ಲೆಸ್ ಆದರೆ ಮಾತ್ರ ವಾಲ್ವನ್ನು ಪಕ್ಕಕ್ಕೆ ತಿರುಗಿಸಿಕೊಳ್ಳಿ, ಕೆಳಗೆ ನಿಂತ ಸೀಲೆಂಟ್ (ತೂತು ಮುಚ್ಚಲು ಟೈರಿನೊಳಗೆ ಹಾಕುವ ದ್ರವ) ವಾಲ್ವಿನ ಮೂಲಕ ಹೆಡ್ಡಿನೊಳಗೆ ಸೇರಿ ಗಟ್ಟಿಯಾದರೆ ಬಿಡಿಸುವುದು ರೇಜಿಗೆ. ನಟ್ಟನ್ನು ಪೂರ್ತಿ ತುದಿಯವರೆಗೆ ಬಿಚ್ಚಿ, ಬೆರಳಿನಿಂದ ಒಮ್ಮೆ ಚುಯ್ ಅನ್ನುವಂತೆ ಒತ್ತಿ ಬಿಡಿ. ಹೈ ಪ್ರೆಶರಿನಲ್ಲಿ ಮುಚ್ಚಿಕೊಂಡಿದ್ದ ವಾಲ್ವ್ ಅಂಟಿಕೊಂಡಿರುತ್ತದೆ. ಹಾಗೆ ಬಿಡಿಸದಿದ್ದರೆ ಮೊದಲ ಒತ್ತಿಗೇ ಗೇಜಿನ ಮುಳ್ಳು 120ಕ್ಕೆ ಜಿಗಿಯುತ್ತದೆ. ಅದು ಟೈರಿನ ಒತ್ತಡವಲ್ಲ, ಪೈಪಿನೊಳಗಿನದು. ವಾಲ್ವ್ ತೆರೆದುಕೊಂಡ ಮೇಲೆ ಮಾತ್ರ ಗೇಜ್ ಟೈರಿನ ಮಾತು ಹೇಳುತ್ತದೆ.

ಆಮೇಲೆ ಹೆಡ್ಡನ್ನು ನೇರವಾಗಿ ಒತ್ತಿ, ಎಷ್ಟು ಆಳ ಅನ್ನುವುದು ಅಭ್ಯಾಸದ ಮಾತು. ತೀರಾ ಒಳಕ್ಕೆ ಒತ್ತಿದರೆ ಕೆಲವು ಹೆಡ್ಡಿನಲ್ಲಿ ಕಡ್ಡಿಯ ತುದಿ ಒಳಗೆ ತಾಗಿ ಗಾಳಿ ಹೊರಬರುತ್ತದೆ, ಮೇಲೆ ಮೇಲೆ ಕೂರಿಸಿದರೆ ಹಾರುತ್ತದೆ. ಮೊದಲ ಸಲ ಸರಿಯಾದ ಜಾಗ ಸಿಕ್ಕಾಗ ಹೆಡ್ಡಿಗೂ ರಿಮ್ಮಿಗೂ ನಡುವೆ ಎಷ್ಟು ಬೆರಳು ಜಾಗ ಇದೆ ಅಂತ ನೋಡಿಟ್ಟುಕೊಳ್ಳಿ. ಪೈಪ್ ತಿರುಚಿಕೊಳ್ಳದ ಹಾಗೆ ಪಂಪನ್ನು ಚಕ್ರದ ಹತ್ತಿರಕ್ಕೆ ಎಳೆದುಕೊಳ್ಳಿ. ಪೈಪ್ ಎಳೆತದಲ್ಲಿದ್ದರೆ ಹೆಡ್ ಓರೆಯಾಗಿಯೇ ನಿಲ್ಲುವುದು.

ಬೇಕಾದಷ್ಟು ಹೊಡೆದು ನಿಲ್ಲಿಸಿ, ಹೆಡ್ ತೆಗೆಯದೆ ಮುಳ್ಳನ್ನು ಹತ್ತು ಎಣಿಸುವವರೆಗೆ ನೋಡಿ. ಅಲ್ಲಾಡದೆ ನಿಂತರೆ ಎಲ್ಲಾ ಸರಿ. ಇಳಿಯುತ್ತಿದ್ದರೆ, ಟೈರನ್ನು ಬೆರಳಿನಿಂದ ಒತ್ತಿ ನೋಡಿ. ಟೈರ್ ಗಟ್ಟಿಯಾಗಿಯೇ ಇದ್ದು ಮುಳ್ಳು ಮಾತ್ರ ಬೀಳುತ್ತಿದ್ದರೆ ಸೋರುತ್ತಿರುವುದು ವಾಲ್ವಿನಿಂದ ಆಚೆ. ಈಗ ಹಿಡಿಕೆ ನೋಡಿ. ಅದು ತಾನಾಗಿ ಮೇಲೆ ಬರುತ್ತಿದ್ದರೆ ಗಾಳಿ ಹಿಂದಕ್ಕೆ ಬರದಂತೆ ತಡೆಯುವ ಪಂಪಿನ ಬುಡದ ಚೆಕ್ ವಾಲ್ವ್ ಹಾಳಾಗಿದೆ, ಹೆಡ್ಡಿನ ತಪ್ಪಿಲ್ಲ. ಹಿಡಿಕೆ ಸುಮ್ಮನಿದ್ದು ಹೆಡ್ಡಿನ ಸುತ್ತ ಸುಯ್ ಅನ್ನುವ ಸದ್ದು ಬಂದರೆ ವಾಷರ್. ಸದ್ದು ಸಣ್ಣದಿದ್ದರೆ ಸೋಪಿನ ನೀರು ಸವರಿ, ಗುಳ್ಳೆ ಎದ್ದಲ್ಲಿ ಗಾಯ.

ಹೆಡ್ ತೆಗೆಯುವಾಗ ಬರುವ ಬುಸ್ ಶಬ್ದಕ್ಕೆ ಹೆದರಬೇಡಿ. ಅದು ಪೈಪಿನಲ್ಲಿ ಉಳಿದಿದ್ದ ಗಾಳಿ. ಟೈರಿನದು ಹೋಗುವಷ್ಟರಲ್ಲಿ ಪ್ರೆಸ್ಟಾ ಮುಚ್ಚಿಕೊಂಡಿರುತ್ತದೆ. ಎಷ್ಟೋ ಜನ ಆ ಸದ್ದಿಗೆ ಹೆದರಿ ಗಬಕ್ಕನೆ ಓರೆಯಾಗಿ ಕಿತ್ತು ಕಡ್ಡಿ ಮುರಿದುಕೊಳ್ಳುತ್ತಾರೆ. ನಿಧಾನವಾಗಿಯೇ ತೆಗೆಯಿರಿ.

ವಾಷರ್

ಕೊಳ್ಳುವ ದಿನವೇ ಬಿಡಿ ವಾಷರ್ ಸಿಗುತ್ತದಾ ಕೇಳಿ. ಸಿಗದಿದ್ದರೆ ಹೆಡ್ ಎಷ್ಟು ಚೆಂದ ಇದ್ದರೂ ವಾಪಸ್ ಇಡಿ. ಸಿಕ್ಕರೆ ಎರಡು ತೆಗೆದುಕೊಳ್ಳಿ. ಪೂರ್ತಿ ಥ್ರೆಡ್ ಇರುವ ವಾಲ್ವಿನ ಮೇಲೆ ದಿನಾ ಹಾಕಿ ತೆಗೆದರೆ ಥ್ರೆಡ್ ಅರದ ಹಾಗೆ ರಬ್ಬರನ್ನು ತಿನ್ನುತ್ತದೆ, ನುಣುಪು ವಾಲ್ವಿನ ಮೇಲೆ ಅದೇ ವಾಷರ್ ಎಷ್ಟೋ ಜಾಸ್ತಿ ದಿನ ಬರುತ್ತದೆ. ಒಳಗೆ ಒಂದಿಷ್ಟು ಸಿಲಿಕೋನ್ ಗ್ರೀಸ್ ಸವರಿದರೆ ಹೆಡ್ ಹಗುರಾಗಿ ಜಾರಿ ಕೂರುತ್ತದೆ. ಮಾಮೂಲಿ ಗ್ರೀಸ್, ಎಣ್ಣೆ ಬೇಡ, ಕೆಲವು ಬಗೆಯ ರಬ್ಬರ್ ಅದಕ್ಕೆ ಉಬ್ಬಿ ಮೆತ್ತಗಾಗುತ್ತದೆ. ಪಂಪನ್ನು ಎತ್ತಿಡುವಾಗ ಲಿವರ್ ಲಾಕ್ ಮಾಡಿ ಇಡಬೇಡಿ, ರಬ್ಬರ್ ಹಿಸುಕಿದ ಹಾಗೇ ಉಳಿದುಬಿಡುತ್ತದೆ.

ವಾಷರ್ ಬದಲಿಸುವುದು ಐದು ನಿಮಿಷದ ಕೆಲಸ. ಮುಂದಿನ ಮುಚ್ಚಳ ಕೈಯಲ್ಲೇ ತಿರುಗುತ್ತದೆ, ಬಿಗಿ ಇದ್ದರೆ ಬಟ್ಟೆ ಸುತ್ತಿ ಇಕ್ಕಳ ಹಾಕಿ. ಒಳಗಿನ ತುಂಡುಗಳು ಯಾವ ಕ್ರಮದಲ್ಲಿ ಹೊರಬಂದವೋ ಅದೇ ಕ್ರಮದಲ್ಲಿ ಮೇಜಿನ ಮೇಲೆ ಸಾಲಾಗಿಡಿ, ಬೇಕಾದರೆ ಒಂದು ಫೋಟೋ ತೆಗೆದುಕೊಳ್ಳಿ, ಯಾಕೆಂದರೆ ಪ್ಲಾಸ್ಟಿಕ್ ತುಂಡು ತಿರುಗುಮುರುಗಾಗಿ ಕೂತರೆ ಹೊಸ ವಾಷರ್ ಹಾಕಿಯೂ ಸೋರುತ್ತದೆ, ಆಗ ನಿಮಗೆ ಏನು ತಪ್ಪಾಯಿತು ಅಂತಲೇ ಗೊತ್ತಾಗುವುದಿಲ್ಲ. ಬಿಡಿ ವಾಷರ್ ಕೈಗೆ ಸಿಗುವವರೆಗೆ ಒಂದು ಉಪಾಯ ಇದೆ. ಹಳೆಯದನ್ನು ತೆಗೆದು ಮಗುಚಿ ಹಾಕಿ. ಎರಡೂ ಬದಿ ಒಂದೇ ಥರ ಇರುವ ವಾಷರ್ ಆದರೆ ಸವೆಯದ ಬದಿ ಮುಂದೆ ಬಂದು ಇನ್ನಷ್ಟು ದಿನ ನಡೆಯುತ್ತದೆ.

ಮೊಣಕಾಲಿಗೆ ಹೊಡೆದ ಆ ಮೊದಲ ಪಂಪ್ ಈಗಲೂ ನನ್ನ ಹತ್ತಿರವೇ ಇದೆ. ಹೊಸ ವಾಷರ್ ಹಾಕಿದ ಮೇಲೆ ಅದರಲ್ಲೇ ವಾರಕ್ಕೆರಡು ಸಲ 100ರವರೆಗೆ ಹೊಡೆಯುತ್ತೇನೆ. ಹಿಡಿಕೆಗೆ ಒಂದು ರಬ್ಬರ್ ಬ್ಯಾಂಡ್ ಸುತ್ತಿ, ಅದರಡಿ ಪುಟ್ಟ ಪ್ಲಾಸ್ಟಿಕ್ ಚೀಲದಲ್ಲಿ ಇನ್ನೊಂದು ವಾಷರ್ ಸಿಕ್ಕಿಸಿಟ್ಟಿದ್ದೇನೆ.